‘ನೈಸ್’ ಒಂದು ಕಾಲದ ಬೈಗುಳ

ಈಗ ಯಾರಾದರೂ ‘ನೈಸ್’ ಅಂದರೆ ಖುಷಿಯಾಗುತ್ತದೆ. 1300ರ ಸುಮಾರಿನ ಇಂಗ್ಲೆಂಡಿನಲ್ಲಾದರೆ ಅದು ‘ದಡ್ಡ’ ಎಂದು ಬೈದಂತೆ.

ಪದದ ಮೂಲ ಲ್ಯಾಟಿನ್‌ನ ‘ನೆಸ್ಕಿಯುಸ್’. ‘ನೆ’ ಅಂದರೆ ಇಲ್ಲ, ‘ಸ್ಕೀರೆ’ ಅಂದರೆ ತಿಳಿಯುವುದು, ಕೂಡಿದರೆ ತಿಳಿಗೇಡಿ. ‘ಸೈನ್ಸ್’ ಹುಟ್ಟಿದ್ದೂ ಇದೇ ‘ಸ್ಕೀರೆ’ಯಿಂದ, ಹಾಗಾಗಿ ಇವೆರಡೂ ದಾಯಾದಿಗಳು. ಹಳೆಯ ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂದಾಗ ಉಚ್ಚಾರ ‘ನೀಸ್’ ಎಂದೇ ಇತ್ತು. ಮುಂದೆ ಇಂಗ್ಲಿಷಿನ ದೀರ್ಘ ಸ್ವರಗಳೆಲ್ಲ ಸ್ಥಾನಪಲ್ಲಟಗೊಂಡವು. ‘ಈ’ ಇದ್ದದ್ದು ‘ಐ’ ಆಯಿತು, ‘ಟೀಮ’ ಟೈಮ್ ಆಯಿತು, ನೀಸ್ ನೈಸ್ ಆಯಿತು.

ಅರ್ಥ ಮಾತ್ರ ಒಂದೇ ನೆಗೆತಕ್ಕೆ ಬದಲಾಗಲಿಲ್ಲ. ಏನೂ ತಿಳಿಯದವನು ಅಂಜುತ್ತಾನೆ, ಹಿಂಜರಿಯುತ್ತಾನೆ. ಹಿಂಜರಿಯುವವನು ಊಟಬಟ್ಟೆಯಲ್ಲಿ ಆರಿಸಿ ತೂಗಿ ನೋಡುವವನಂತೆ ಕಾಣುತ್ತಾನೆ. ಆರಿಸಿ ನೋಡುವವನ ಕಣ್ಣು ಸೂಕ್ಷ್ಮ. ಅಂಥವನಿಗೆ ಒಪ್ಪಿಗೆಯಾದ ವಸ್ತು ಸೊಗಸಾಗಿರಲೇಬೇಕಲ್ಲ! ಹೀಗೆ ದಡ್ಡ, ಅಂಜುಬುರುಕ, ನಾಜೂಕು, ನಿಖರ ಎಂದು ಸರಿಯುತ್ತಾ ಬಂದು, 18ನೇ ಶತಮಾನದ ಉತ್ತರಾರ್ಧದಲ್ಲಿ ಪದ ‘ಹಿತವಾದದ್ದು’ ಎಂಬಲ್ಲಿಗೆ ತಲುಪಿತು. ನಡುವೆ ಎಲ್ಲ ಅರ್ಥಗಳೂ ಒಟ್ಟಿಗೇ ಓಡಾಡುತ್ತಿದ್ದವು. 16, 17ನೇ ಶತಮಾನದ ಎಷ್ಟೋ ವಾಕ್ಯಗಳಲ್ಲಿ ಬರೆದವರ ಮನಸ್ಸಿನಲ್ಲಿ ಯಾವ ಅರ್ಥವಿತ್ತೆಂದು ಹೇಳುವುದು ಕಷ್ಟ ಎಂದು ಆಕ್ಸ್‌ಫರ್ಡ್ ನಿಘಂಟೇ ಒಪ್ಪಿಕೊಂಡಿದೆ. ‘ಸಿಲಿ’ಯದು ತದ್ವಿರುದ್ಧ ದಾರಿ: ಧನ್ಯ ಎಂಬಲ್ಲಿಂದ ಹೊರಟು ಪೆದ್ದ ಎಂಬಲ್ಲಿ ನಿಂತಿತು.

‘ನಿಖರ’ದ ಅರ್ಥ ಇನ್ನೂ ಸತ್ತಿಲ್ಲ. ವಕೀಲರು ‘ನೈಸ್ ಡಿಸ್ಟಿಂಕ್ಷನ್’ ಎಂದರೆ ಅದು ಹೊಗಳಿಕೆಯಲ್ಲ, ಕೂದಲೆಳೆಯಷ್ಟು ಸೂಕ್ಷ್ಮವಾದ ವ್ಯತ್ಯಾಸ. ಇಲ್ಲಿ ಎಡವುವವರು ಬಹಳ. ಎಡವಿಸುವ ಇನ್ನೊಂದು ಬಳಕೆಯೂ ಇದೆ: ‘ನೈಸ್ ಅಂಡ್ ವಾರ್ಮ್’ ಎಂಬಲ್ಲಿ ‘ಅಂಡ್’ ಇದ್ದರೂ ಎರಡು ಗುಣಗಳಿಲ್ಲ. ‘ಹಿತವಾಗಿ ಬೆಚ್ಚಗೆ’ ಎಂಬ ಒಂದೇ ಮಾತು.

ಕನ್ನಡಕ್ಕೆ ಬಂದ ನೈಸ್ ಮತ್ತೊಂದು ಹೊರಳು ಹೊರಳಿತು. ‘ಅಕ್ಕಿ ಇನ್ನೂ ತರಿತರಿ ಇದೆ, ನೈಸಾಗಿ ರುಬ್ಬು’ ಎನ್ನುತ್ತೇವೆ. ‘ನೈಸಾಗಿ ಮಾತಾಡಿ ಕೆಲಸ ಮಾಡಿಸಿಕೊಂಡ’ ಎಂದೂ ಎನ್ನುತ್ತೇವೆ. ನುಣುಪು ಮತ್ತು ಮೆದುಮಾತು, ಎರಡೂ ನಮ್ಮ ‘ನಯ’ದ ಅರ್ಥಗಳೇ. ನನ್ನ ಮಟ್ಟಿಗೆ ಇದು ಇಂಗ್ಲಿಷಿನದಕ್ಕಿಂತ ಚುರುಕಾದ ಬಳಕೆ. ಆದರೆ ಇಂಗ್ಲಿಷ್ ಮಾತಾಡುವಾಗ ಇದನ್ನು ನಂಬುವಂತಿಲ್ಲ. ನೆಲ ‘ನೈಸ್’ ಇದೆ ಎಂದರೆ ಕೇಳಿದವರು ಚೆನ್ನಾಗಿದೆ ಎಂದುಕೊಳ್ಳುತ್ತಾರೆ, ಜಾರುತ್ತದೆ ಎಂದು ತಿಳಿಯುವುದಿಲ್ಲ. ನೆಲಕ್ಕೆ ‘ಸ್ಮೂತ್’, ಹಿಟ್ಟಿಗೆ ‘ಫೈನ್’ ಎನ್ನಬೇಕು.