ಸೋತವನೇ ಮೇಲೇರಿದರೆ ಅಂಕ ಹಾಕುವುದು ಹೇಗೆ?

2012ರ ಏಪ್ರಿಲ್ 1, ಮಯಾಮಿ. ಡಬ್ಲ್ಯುಡಬ್ಲ್ಯುಇ ಕುಸ್ತಿ ಕಂಪನಿಯ ವರ್ಷದ ಅತಿ ದೊಡ್ಡ ಶೋ ರೆಸಲ್‌ಮೇನಿಯಾದ ಮೊದಲ ಪಂದ್ಯ. ವರ್ಲ್ಡ್ ಹೆವಿವೇಯ್ಟ್ ಚಾಂಪಿಯನ್ ಬೆಲ್ಟ್ ಡೇನಿಯಲ್ ಬ್ರಯಾನ್ ಹತ್ತಿರ ಇತ್ತು. ಗೆಳತಿ ಎಜೆಯಿಂದ ಮುತ್ತು ಪಡೆದು ತಿರುಗಿದ್ದೇ ತಡ, ಎದುರಾಳಿ ಶೇಮಸ್‌ನ ಬೂಟು ಮುಖಕ್ಕೆ ಬಿತ್ತು. 18 ಸೆಕೆಂಡಿಗೆ ಪಂದ್ಯ ಖತಂ.

ಲೆಕ್ಕದ ಪ್ರಕಾರ ಬ್ರಯಾನ್ ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಅವನು ಆಗ ಖಳನ ಪಾತ್ರದಲ್ಲಿದ್ದ, ಅಂದರೆ ರೆಸ್ಲಿಂಗ್ ಭಾಷೆಯಲ್ಲಿ ಹೀಲ್. ಅಷ್ಟು ದೊಡ್ಡ ವೇದಿಕೆಯಲ್ಲಿ ಅಷ್ಟು ಹೀನಾಯವಾಗಿ ಸೋತವನನ್ನು ಯಾರು ಕೇಳ್ತಾರೆ? ಆದರೆ ಮಾರನೇ ದಿನ ಅದೇ ಊರಲ್ಲಿ ನಡೆದ, ವಾರವಾರ ಬರುವ ಟಿವಿ ಶೋ ‘ರಾ’ದಲ್ಲಿ ಜನ ಬಿಡದೆ ಅವನ ‘ಯೆಸ್! ಯೆಸ್!’ ಕೂಗಿದರು. ಎರಡು ವರ್ಷದ ನಂತರದ ರೆಸಲ್‌ಮೇನಿಯಾದಲ್ಲಿ ಒಂದೇ ರಾತ್ರಿ ಟ್ರಿಪಲ್ ಎಚ್‌ನನ್ನು ಸೋಲಿಸಿ, ಆಮೇಲೆ ರ್‍ಯಾಂಡಿ ಆರ್ಟನ್, ಬಟೀಸ್ಟಾ ಇಬ್ಬರೂ ಇದ್ದ ಕೊನೆಯ ಪಂದ್ಯವನ್ನೂ ಗೆದ್ದ.

ಈಗ ಇದನ್ನೇ ಒಂದು ಕಂಪ್ಯೂಟರ್ ಗೇಮ್‌ಗೆ ಹೇಳಿಕೊಡಬೇಕು ಅಂದುಕೊಳ್ಳಿ. ಗುದ್ದುವ, ಎತ್ತಿ ಎಸೆಯುವ ಗೇಮ್ ಅಲ್ಲ. ಇಲ್ಲಿ ನೀವು ಬುಕರ್. ಯಾರು ಗೆಲ್ಲಬೇಕು, ಯಾರು ಸೋಲಬೇಕು, ಯಾರ ಕೈಗೆ ಮೈಕ್ ಕೊಡಬೇಕು, ಯಾರಿಗೆ ಸಂಬಳ ಜಾಸ್ತಿ ಮಾಡಬೇಕು ಎಂದು ತೀರ್ಮಾನಿಸುವವರು. ಪರದೆ ತುಂಬ ಹೆಸರು, ಅಂಕಿ, ಪಟ್ಟಿ. ಈ ಜಾತಿಯ ಗೇಮ್‌ಗಳ ಜೀವ ಇರುವುದು ಒಂದೇ ಒಂದು ಅಂಕಿಯಲ್ಲಿ: ಕುಸ್ತಿಪಟು ಎಷ್ಟು ಜನಪ್ರಿಯ? ಅಭಿಮಾನಿಗಳು ಇದನ್ನು ಓವರ್‌ನೆಸ್ ಅಂತಾರೆ. ಈ ಅಂಕಿ ಯಾವಾಗ ಏರಬೇಕು, ಯಾವಾಗ ಇಳಿಯಬೇಕು ಎಂಬ ನಿಯಮ ಬರೆಯಲು ಹೋದವರು ಕಳೆದ ಮೂರು ದಶಕದಿಂದ ಒದ್ದಾಡುತ್ತಲೇ ಇದ್ದಾರೆ.

ನಮ್ಮಲ್ಲಿ 90ರ ದಶಕದಲ್ಲಿ ಬೆಳೆದವರಿಗೆ ಇದರ ತೀರಾ ಸರಳ ರೂಪ ಗೊತ್ತು. ಟ್ರಂಪ್ ಕಾರ್ಡ್. ಎತ್ತರ, ತೂಕ, ಎದೆ, ಬೈಸೆಪ್ಸ್, ಗೆದ್ದ ಪಂದ್ಯ, ರ್‍ಯಾಂಕ್. ತೂಕ ಕೇಳಿದರೆ ಯೊಕೊಝುನ ಕಾರ್ಡ್ ಕೈಲಿದ್ದವನದ್ದೇ ರಾಜ್ಯ. ರ್‍ಯಾಂಕ್ ಯಾರು ಕೊಟ್ಟರು, ಯಾಕೆ ಕೊಟ್ಟರು ಎಂದು ಯಾರೂ ಕೇಳಲಿಲ್ಲ. ಅಚ್ಚಾಗಿದೆ, ಅಷ್ಟೇ. ಅಮೆರಿಕದಲ್ಲಿ ಅದಕ್ಕೂ ಮುಂಚೆ, 1986ರಲ್ಲಿ, ಟಾಮ್ ಫಿಲ್ಸಿಂಗರ್ ಕಾರ್ಡು ಮತ್ತು ದಾಳ ಇಟ್ಟು ಆಡುವ ‘ಚಾಂಪಿಯನ್ಸ್ ಆಫ್ ದಿ ಗ್ಯಾಲಕ್ಸಿ’ ತಂದಿದ್ದರು. ಅಲ್ಲಿ ದಾಳ ಉರುಳಿದ ಹಾಗೆ ಪಂದ್ಯ ಸಾಗುತ್ತಿತ್ತು. ಜನ ಯಾರನ್ನು ಮೆಚ್ಚುತ್ತಾರೆ ಎಂಬುದು ಆಡುವವರ ಕಲ್ಪನೆಗೆ ಬಿಟ್ಟ ವಿಷಯ.

ಬುಕರ್ ಆಟಕ್ಕೆ ದೊಡ್ಡ ತಿರುವು ಕೊಟ್ಟವರು ಬ್ರಿಟನ್ನಿನ ಆಡಮ್ ರೈಲಂಡ್. 90ರ ದಶಕದ ಮಧ್ಯದಲ್ಲಿ ಅವರು ‘ಎಕ್ಸ್‌ಟ್ರೀಮ್ ವಾರ್‌ಫೇರ್’ ಶುರುಮಾಡಿದ್ದು ಕಾರ್ಡ್ ಆಟವಾಗಿಯೇ. ಆಮೇಲೆ ಅದು ಕಂಪ್ಯೂಟರಿಗೆ ಬಂತು. 2002ರಲ್ಲಿ ಬಂದ ‘ಎಕ್ಸ್‌ಟ್ರೀಮ್ ವಾರ್‌ಫೇರ್ ರಿವೆಂಜ್’ ಪುಕ್ಕಟೆ. ಹಳೇ ಪಿಸಿಯಲ್ಲೂ ಓಡುತ್ತಿತ್ತು. ಅದರಲ್ಲಿ ಪ್ರತಿ ಕುಸ್ತಿಪಟುವಿಗೂ ನೂರಕ್ಕೆ ಇಷ್ಟು ಎಂದು ಓವರ್‌ನೆಸ್. ಇಡೀ ಜಗತ್ತಿಗೆ ಒಂದೇ ಅಂಕಿ.

ಗೆದ್ದವನಿಗೆ ಕೂಡು, ಸೋತವನಿಗೆ ಕಳೆ. ಮೊದಲು ಹೊಳೆಯುವ ನಿಯಮ ಇದೇ. ಚೆಸ್‌ನಲ್ಲಿ ಎಲೋ ರೇಟಿಂಗ್ ನಡೆಯುವುದೂ ಹೀಗೆಯೇ, 1970ರಿಂದ ವಿಶ್ವ ಚೆಸ್ ಒಕ್ಕೂಟ ಫಿಡೆ ಅದನ್ನು ಬಳಸುತ್ತಿದೆ. ನಿಮಗಿಂತ ಬಲಶಾಲಿಯನ್ನು ಸೋಲಿಸಿದರೆ ಜಾಸ್ತಿ ಅಂಕ, ಬಡಪಾಯಿಯನ್ನು ಸೋಲಿಸಿದರೆ ಕಮ್ಮಿ. ಆದರೆ ಚೆಸ್‌ನಲ್ಲಿ ಫಲಿತಾಂಶ ಆಟಗಾರರ ಕೈಯಲ್ಲಿದೆ. ರೆಸ್ಲಿಂಗ್‌ನಲ್ಲಿ ಅದು ಮೊದಲೇ ನಿಗದಿ. 1989ರಲ್ಲಿ ನ್ಯೂ ಜೆರ್ಸಿ ಸೆನೆಟ್ ಮುಂದೆ ಡಬ್ಲ್ಯುಡಬ್ಲ್ಯುಎಫ್ (ಇಂದಿನ ಡಬ್ಲ್ಯುಡಬ್ಲ್ಯುಇ) ಕಂಪನಿಯೇ ಇದು ಮನರಂಜನೆ ಎಂದು ಒಪ್ಪಿಕೊಂಡಿತ್ತು, ಕ್ರೀಡೆಯ ನಿಯಂತ್ರಣದಿಂದ ತಪ್ಪಿಸಿಕೊಳ್ಳಲು. ಹಾಗಾಗಿ ಎಲೋ ಥರದ ನಿಯಮ ಹಾಕಿದರೆ ಬುಕರ್ ತನಗೆ ಬೇಕಾದವನ ಹೆಸರಿನ ಮುಂದೆ ತಾನೇ ಅಂಕ ಬರೆದುಕೊಂಡ ಹಾಗೆ. ಯಾರನ್ನೋ ಇಪ್ಪತ್ತು ಪಂದ್ಯ ಗೆಲ್ಲಿಸಿ, ಸ್ಟಾರ್ ರೆಡಿ. ಆಟ ಎಲ್ಲಿ ಉಳೀತು?

ಇನ್ನೊಂದು ತೊಂದರೆ ನಿಧಾನವಾಗಿ ಕಾಣುತ್ತದೆ. ಗೆದ್ದವನಿಗೆ ಐದು ಕೊಟ್ಟು ಸೋತವನಿಂದ ಎರಡೇ ಕಳೆದಿರಿ ಅನ್ನಿ. ಸೋತವರ ಮೇಲೆ ಕರುಣೆ, ಸರಿ. ಆಟದ ಕ್ಯಾಲೆಂಡರಿನಲ್ಲಿ ಹತ್ತು ವರ್ಷ ಕಳೆಯುವ ಹೊತ್ತಿಗೆ ನಿಮ್ಮ ಕಂಪನಿಯಲ್ಲಿ ಎಲ್ಲರೂ ತೊಂಬತ್ತರ ಮೇಲೆ. ಬಾಗಿಲು ಕಾಯುವವನೂ ಸೂಪರ್‌ಸ್ಟಾರ್. ಕೂಡಿದ್ದು ಕಳೆದದ್ದು ಸಮ ಮಾಡಿದರೆ ಉಲ್ಟಾ: ಒಬ್ಬನನ್ನು ಬೆಳೆಸಲು ಇನ್ನೊಬ್ಬನನ್ನು ಮುಳುಗಿಸಲೇಬೇಕು. 1987ರಲ್ಲಿ ಪಾಂಟಿಯಾಕ್‌ನಲ್ಲಿ ಹಲ್ಕ್ ಹೋಗನ್‌ಗೆ ಸೋತ ಆಂಡ್ರೆ ದಿ ಜೈಂಟ್ ಸಣ್ಣವನಾದನೇ? ಇಲ್ಲ. ಹೋಗನ್ ದೊಡ್ಡವನಾದ, ಆಂಡ್ರೆ ಆಂಡ್ರೆಯಾಗೇ ಉಳಿದ. ಗೇಮ್‌ಗಳಲ್ಲಿ ಈಗ ಇದಕ್ಕೆ ಬೇರೆ ಬೇರೆ ಉಪಾಯ ಇದೆ. ಮೋಸದಿಂದ ಸೋತರೆ ನಷ್ಟ ಕಮ್ಮಿ, ಎಣಿಕೆ ಮುಗಿಯುವುದರೊಳಗೆ ರಿಂಗ್‌ಗೆ ಮರಳದೆ ಸೋತರೆ, ಅಂದರೆ ಕೌಂಟ್‌ಔಟ್ ಆದರೆ, ಇನ್ನೂ ಕಮ್ಮಿ, ಸೋತರೂ ಗಟ್ಟಿಯಾಗಿ ಕಾಣುವ ಹಾಗೆ ಪಂದ್ಯ ಹೆಣೆಯಲು ಸೂಚನೆ ಕೊಡಬಹುದು.

2004ರಿಂದ ರೈಲಂಡ್ ಅವರದೇ ‘ಟೋಟಲ್ ಎಕ್ಸ್‌ಟ್ರೀಮ್ ರೆಸ್ಲಿಂಗ್’ ಸರಣಿ ಬರತೊಡಗಿತು. ಇದು ದುಡ್ಡು ಕೊಟ್ಟು ಕೊಳ್ಳುವ ಗೇಮ್. ಈ ಸರಣಿಯಲ್ಲಿ ಆ ಒಂದೇ ಅಂಕಿ ಒಡೆದು ಪ್ರದೇಶಕ್ಕೊಂದು ಅಂಕಿಯಾಯಿತು. ನನ್ನ ಮಟ್ಟಿಗೆ ಈ ಜಾತಿಯ ಗೇಮ್‌ಗಳಲ್ಲಿ ಆದ ಅತಿ ದೊಡ್ಡ ಸುಧಾರಣೆ ಇದೇ. ಯಾಕೆಂದರೆ ರೆಸ್ಲಿಂಗ್ ಇತಿಹಾಸ ಇದ್ದದ್ದೇ ಹಾಗೆ. 1948ರಲ್ಲಿ ಅಯೋವಾದ ವಾಟರ್ಲೂನಲ್ಲಿ ಹುಟ್ಟಿದ ಎನ್‌ಡಬ್ಲ್ಯುಎ (ನ್ಯಾಷನಲ್ ರೆಸ್ಲಿಂಗ್ ಅಲಯನ್ಸ್) ಒಕ್ಕೂಟದಲ್ಲಿ ಪ್ರವರ್ತಕರು, ಅಂದರೆ ಶೋ ನಡೆಸುವವರು, ಅಮೆರಿಕವನ್ನು ಸೀಮೆ ಸೀಮೆಯಾಗಿ ಹಂಚಿಕೊಂಡಿದ್ದರು. ಅವನ ಸೀಮೆಗೆ ಇವನು ಕಾಲಿಡುವಂತಿಲ್ಲ. ಜೆರ್‍ರಿ ಲಾಲರ್ ಮೆಂಫಿಸ್‌ನಲ್ಲಿ ರಾಜ, ಹೆಸರಿನ ಜೊತೆಗೇ ‘ಕಿಂಗ್’ ಇತ್ತು. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ತುಂಬಿಸಲು ಬೇಕಾದವನು ಮಾತ್ರ ಬ್ರೂನೋ ಸಮಾರ್ಟಿನೋ. 80ರ ದಶಕದಲ್ಲಿ ಡಬ್ಲ್ಯುಡಬ್ಲ್ಯುಎಫ್ ಒಡೆಯ ವಿನ್ಸ್ ಮೆಕ್‌ಮಹೊನ್ ಟಿವಿ ಹಿಡಿದು ಎಲ್ಲ ಸೀಮೆಗೂ ನುಗ್ಗುವ ತನಕ ಈ ಬೇಲಿ ಇತ್ತು. ಇಂಥ ಲೋಕಕ್ಕೆ ಒಂದೇ ಅಂಕಿ ಸಾಲುವುದು ಹೇಗೆ?

ಪ್ರದೇಶ ಬಂದ ಮೇಲೆ ಇನ್ನೊಂದು ನಿಯಮ ಬೇಕಾಯಿತು. ಒಂದು ಕಡೆಯ ಹೆಸರು ಪಕ್ಕದ ಪ್ರದೇಶಕ್ಕೂ ಹರಿಯಬೇಕು. ಎಷ್ಟು ಹರಿಯಬೇಕು, ಯಾವ ದಿಕ್ಕಿಗೆ? ಇಲ್ಲಿ ನಮ್ಮ ದೇಶವೇ ಒಳ್ಳೇ ಉದಾಹರಣೆ.

ಹಿಮಾಚಲದ ದಲೀಪ್ ಸಿಂಗ್ ರಾಣಾ 2006ರಲ್ಲಿ ‘ದಿ ಗ್ರೇಟ್ ಖಲಿ’ಯಾಗಿ ಬಂದು ಅಂಡರ್‌ಟೇಕರ್‌ನ ಎದುರು ನಿಂತಾಗ, ಟೆನ್ ಸ್ಪೋರ್ಟ್ಸ್ ನೋಡುತ್ತಿದ್ದ ನಮ್ಮ ಮನೆಗಳಲ್ಲಿ ರೆಸ್ಲಿಂಗ್ ಗೊತ್ತಿಲ್ಲದ ಅಜ್ಜಿಯರಿಗೂ ಅವನ ಹೆಸರು ಗೊತ್ತಾಯಿತು. 2007ರಲ್ಲಿ ಅವನು ವರ್ಲ್ಡ್ ಹೆವಿವೇಯ್ಟ್ ಚಾಂಪಿಯನ್ ಆದ. ಅವನ ಪಂದ್ಯಗಳನ್ನು ಅಮೆರಿಕದ ಅಭಿಮಾನಿಗಳು ಚೆನ್ನಾಗಿಯೇ ಬೈದರು. ಇಲ್ಲಿ ಯಾರಿಗೂ ಅದರ ಪರಿವೆ ಇರಲಿಲ್ಲ. ಪ್ರದೇಶವಾರು ಅಂಕಿಗೆ ಇದಕ್ಕಿಂತ ಸಾಕ್ಷಿ ಬೇಡ.

ಹತ್ತು ವರ್ಷದ ಮೇಲೆ, 2017ರ ಮೇ ತಿಂಗಳಲ್ಲಿ, ಜಿಂದರ್ ಮಹಲ್ ರ್‍ಯಾಂಡಿ ಆರ್ಟನ್‌ನನ್ನು ಸೋಲಿಸಿ ಡಬ್ಲ್ಯುಡಬ್ಲ್ಯುಇ ಚಾಂಪಿಯನ್ ಆದ. ಅದಕ್ಕೂ ಮುಂಚೆ ಟಿವಿಯಲ್ಲಿ ಸೋಲುವುದೇ ಅವನ ಕೆಲಸವಾಗಿತ್ತು. ಕಂಪನಿ ಭಾರತದ ಮಾರುಕಟ್ಟೆಗಾಗಿ ಹೀಗೆ ಮಾಡಿದೆ ಎಂದೇ ಎಲ್ಲರೂ ಮಾತಾಡಿಕೊಂಡರು. ಆದರೆ ಮಹಲ್ ಹುಟ್ಟಿದ್ದು ಕೆನಡಾದ ಕ್ಯಾಲ್ಗರಿಯಲ್ಲಿ. ಇಲ್ಲಿಯ ಜನ ಅದಾಗಲೇ ಜಾನ್ ಸೀನಾ, ಅಂಡರ್‌ಟೇಕರ್, ಟ್ರಿಪಲ್ ಎಚ್‌ಗೆ ಮನಸ್ಸು ಕೊಟ್ಟಾಗಿತ್ತು. ದೆಹಲಿಯಲ್ಲಿ ಎರಡು ಶೋ ಅಂದದ್ದು ಒಂದಕ್ಕೆ ಇಳಿಯಿತು. ಅಷ್ಟರಲ್ಲಿ ಬೆಲ್ಟ್ ಎಜೆ ಸ್ಟೈಲ್ಸ್ ಕೈ ಸೇರಿತ್ತು. ಡಿಸೆಂಬರ್ 9ರಂದು ದೆಹಲಿಯಲ್ಲೇ ಟ್ರಿಪಲ್ ಎಚ್ ಎದುರು ಮಹಲ್ ಸೋತ, ಆಮೇಲೆ ಇಬ್ಬರೂ ಸೇರಿ ಭಾಂಗ್ರಾ ಕುಣಿದರು. ಬೇರು ಭಾರತದ್ದು, ಆದ್ದರಿಂದ ಭಾರತದಲ್ಲಿ ಅಂಕ ತಾನಾಗಿ ಏರುತ್ತೆ ಎಂದು ಗೇಮ್‌ನಲ್ಲಿ ನಿಯಮ ಬರೆದರೆ ಅದು ಖಲಿಗೆ ಸರಿ, ಮಹಲ್‌ಗೆ ತಪ್ಪು.

ಗೆಲುವು ಸೋಲಿನ ಲೆಕ್ಕ ಸಾಲದು ಎಂದಾದ ಮೇಲೆ ಪಂದ್ಯ ಹೇಗಿತ್ತು ಎಂಬುದಕ್ಕೆ ಅಂಕ ಕೊಡುವ ಪದ್ಧತಿ ಬಲವಾಯಿತು. ರೈಲಂಡ್ ಅವರ ಸರಣಿಯಲ್ಲಿ ಇಡೀ ಶೋಗೆ ಒಂದು ಅಂಕ ಬರುತ್ತದೆ, ಆ ಪ್ರದೇಶದಲ್ಲಿ ನಿಮ್ಮ ಕಂಪನಿಗಿರುವ ಹೆಸರಿನ ಜೊತೆ ಅದನ್ನು ಹೋಲಿಸಲಾಗುತ್ತದೆ. ಕಂಪನಿ 45ರಲ್ಲಿದ್ದು ಶೋ 52 ಬಂತು, ನೀವು ಮೇಲೆ. ಶೋ 40 ಬಂತು, ಕೆಳಗೆ. ಜೊತೆಗೆ ಮೊಮೆಂಟಮ್ ಅಂತ ಇನ್ನೊಂದು. ಹೆಸರಿದ್ದೂ ಕಾವು ಕಳೆದುಕೊಂಡವನಿಗೂ, ಹೆಸರಿಲ್ಲದಿದ್ದರೂ ಕಾವೇರುತ್ತಿರುವವನಿಗೂ ವ್ಯತ್ಯಾಸ ತೋರಿಸಲು. ಕೇಳಲು ಎಷ್ಟು ನ್ಯಾಯವಾಗಿದೆ ಅಲ್ವಾ?

ಆಡಿ ನೋಡಿದರೆ ಬೇರೆಯೇ ಆಗುತ್ತದೆ. ಶೋ ಅಂಕ ಬೇಕು, ಅಂಕ ಬರುವುದು ಈಗಾಗಲೇ ಹೆಸರಿರುವವರಿಂದ. ಹಾಗಾಗಿ ಪ್ರತಿ ವಾರ ಕೊನೆಯ ಪಂದ್ಯಕ್ಕೆ ಅದೇ ನಾಲ್ಕು ಜನ. ಹೊಸ ಹುಡುಗನನ್ನು ಮುಂದಿನ ತಿಂಗಳು ನೋಡೋಣ. ಮುಂದಿನ ತಿಂಗಳೂ ಅದೇ ಮಾತು. ಮೂರು ವರ್ಷ ಕಳೆದಾಗ ನಿಮ್ಮ ನಾಲ್ಕೂ ಜನಕ್ಕೆ ವಯಸ್ಸಾಗಿದೆ, ಕೆಳಗೆ ಯಾರೂ ಇಲ್ಲ.

ಇದನ್ನು ನಿಯಮದ ದೋಷ ಎನ್ನುವವರಿದ್ದಾರೆ. ನಾನು ಒಪ್ಪಲ್ಲ. 90ರ ದಶಕದಲ್ಲಿ ಡಬ್ಲ್ಯುಡಬ್ಲ್ಯುಎಫ್‌ನ ದೊಡ್ಡ ಎದುರಾಳಿಯಾಗಿದ್ದ ಡಬ್ಲ್ಯುಸಿಡಬ್ಲ್ಯು ಕಂಪನಿಗೆ ಆದದ್ದು ಇದೇ. 1998ರ ಜುಲೈ 6ರಂದು ಅಟ್ಲಾಂಟಾದ ಜಾರ್ಜಿಯಾ ಡೋಮ್‌ನಲ್ಲಿ ಸಾವಿರಾರು ಜನರ ಮುಂದೆ ಗೋಲ್ಡ್‌ಬರ್ಗ್ ಹೋಗನ್‌ನನ್ನು ಸೋಲಿಸಿದ. ಹೊಸಬ, ಸೋಲೇ ಕಾಣದವನು, ಜನ ಹುಚ್ಚೆದ್ದಿದ್ದರು. ಡಿಸೆಂಬರ್ 27ರಂದು ಹಳಬ ಕೆವಿನ್ ನ್ಯಾಶ್ ಆ ಗೆಲುವಿನ ಸರಣಿ ಮುರಿದು ಬೆಲ್ಟ್ ಕಿತ್ತುಕೊಂಡ, ಅದೂ ಸ್ಕಾಟ್ ಹಾಲ್ ಕರೆಂಟ್ ಶಾಕ್ ಕೊಟ್ಟ ಮೇಲೆ. ಎಂಟು ದಿನದ ನಂತರ, 1999ರ ಜನವರಿ 4ರಂದು, ಮತ್ತೆ ಅದೇ ಜಾರ್ಜಿಯಾ ಡೋಮ್. ಹೋಗನ್ ಒಂದು ಬೆರಳಿನಿಂದ ನ್ಯಾಶ್ ಎದೆಗೆ ಚುಚ್ಚಿದ, ನ್ಯಾಶ್ ದೊಪ್ಪೆಂದು ಬಿದ್ದು ಬೆಲ್ಟ್ ಬಿಟ್ಟುಕೊಟ್ಟ. ಆ ಹೊತ್ತಿಗೆ ಎದುರಾಳಿ ಚಾನೆಲ್ಲಿನಲ್ಲಿ ಮಿಕ್ ಫೋಲಿ ಮೊದಲ ಬಾರಿ ಚಾಂಪಿಯನ್ ಆಗುವುದಿತ್ತು. ಡಬ್ಲ್ಯುಸಿಡಬ್ಲ್ಯು ನಿರೂಪಕ ಆ ಫಲಿತಾಂಶವನ್ನು ಮುಂಚೆಯೇ ಹೇಳಿ ಕುಹಕವಾಡಿದ. ಪ್ರೇಕ್ಷಕರು ಗುಂಪು ಗುಂಪಾಗಿ ಚಾನೆಲ್ ಬದಲಿಸಿದರು. 2001ರ ಮಾರ್ಚ್‌ನಲ್ಲಿ ಡಬ್ಲ್ಯುಸಿಡಬ್ಲ್ಯು ಎದುರಾಳಿಗೇ ಮಾರಾಟವಾಯಿತು. ನಿಜವಾದ ಪ್ರವರ್ತಕರು ಯಾವ ಆಸೆಗೆ ಬಿದ್ದು ಯಾವ ತಪ್ಪು ಮಾಡಿದರೋ, ಅದೇ ಆಸೆಗೆ ಆಡುವವರನ್ನೂ ಬೀಳಿಸಿದರೆ ಆ ನಿಯಮ ಚೆನ್ನಾಗಿದೆ ಎಂದೇ ನನ್ನ ಲೆಕ್ಕ.

ಟಿವಿ ಶೋಗಳ ಹೆಸರಲ್ಲೇ ಬರುವ ಗೇಮ್‌ಗಳು ಈ ಗೊಡವೆಗೆ ಹೋಗಲಿಲ್ಲ. 2005ರಲ್ಲಿ ಬಂದ ‘ಸ್ಮ್ಯಾಕ್‌ಡೌನ್ ವರ್ಸಸ್ ರಾ 2006’ರ ಜಿಎಂ (ಜನರಲ್ ಮ್ಯಾನೇಜರ್) ಮೋಡ್‌ನಲ್ಲಿ, ಅಂದರೆ ಶೋ ನಡೆಸುವ ಆಟದಲ್ಲಿ, ಎದುರಾಳಿ ಶೋಗಿಂತ ಹೆಚ್ಚು ಅಭಿಮಾನಿಗಳನ್ನು ಸೆಳೆದರೆ ಸಾಕಿತ್ತು. ಕೆಲವೇ ವರ್ಷದಲ್ಲಿ ಅದನ್ನು ಕೈಬಿಟ್ಟು, 2022ರಲ್ಲಿ ಬೇರೆ ಹೆಸರಲ್ಲಿ ವಾಪಸ್ ತಂದರು. ಮಜಾ ಇದೆ, ಆಳ ಇಲ್ಲ.

ಯಾವ ನಿಯಮಕ್ಕೂ ಸುಲಭಕ್ಕೆ ಬಗ್ಗದ್ದು ಜನರ ಹಟ. 2014ರ ಜನವರಿ 26, ಪಿಟ್ಸ್‌ಬರ್ಗ್, ರಾಯಲ್ ರಂಬಲ್, ಮೂವತ್ತು ಜನ ಒಬ್ಬೊಬ್ಬರಾಗಿ ರಿಂಗ್‌ಗೆ ಬರುವ ಪಂದ್ಯ. ಡೇನಿಯಲ್ ಬ್ರಯಾನ್ ಬರುತ್ತಾನೆ ಎಂದು ಜನ ಕಾಯುತ್ತಿದ್ದರು. ಕೊನೆಯ, ಮೂವತ್ತನೇ ಸಂಖ್ಯೆಗೆ ಬಂದದ್ದು ರೇ ಮಿಸ್ಟೀರಿಯೋ. ಮಕ್ಕಳ ಅಚ್ಚುಮೆಚ್ಚು, ಯಾರಿಗೂ ಕೇಡು ಬಯಸದ ಪಾತ್ರ. ಇಡೀ ಸಭಾಂಗಣ ಅವನಿಗೆ ‘ಬೂ’ ಎಂದು ಕೂಗಿತು. ಅವನು ಮಾಡಿದ ತಪ್ಪೆಂದರೆ ಬ್ರಯಾನ್ ಆಗಿರದೆ ಇದ್ದದ್ದು. ಗೆದ್ದ ಬಟೀಸ್ಟಾನಿಗೂ ಅದೇ ಗತಿ. ಮುಂದಿನ ವರ್ಷ ಫಿಲಡೆಲ್ಫಿಯಾದಲ್ಲಿ ರೋಮನ್ ರೇನ್ಸ್ ಗೆದ್ದಾಗ ಸಾಕ್ಷಾತ್ ‘ದಿ ರಾಕ್’ ಬಂದು ಪಕ್ಕದಲ್ಲಿ ನಿಂತರೂ ಕೂಗಾಟ ನಿಲ್ಲಲಿಲ್ಲ.

ಇದನ್ನು ಅಂಕಿಯಾಗಿಸಲು ಹೊರಟರೆ ಮೊದಲು ಎರಡು ವಿಷಯ ಬೇರ್ಪಡಿಸಬೇಕು: ಒಬ್ಬನ ಬಗ್ಗೆ ಜನರಿಗೆ ಎಷ್ಟು ಆಸಕ್ತಿ ಇದೆ, ಅವನ ಪರವಾಗಿದ್ದಾರಾ ವಿರುದ್ಧವಾಗಿದ್ದಾರಾ. ಒಳ್ಳೇ ಹೀಲ್‌ಗೆ ಆಸಕ್ತಿ ನೂರು, ಪ್ರೀತಿ ಸೊನ್ನೆ, ಅದು ಲಾಭ. ಇನ್ನೊಂದು, ಅರ್ಹತೆ ಇದ್ದವನನ್ನು ಬುಕರ್ ಬೇಕಂತಲೇ ತುಳಿದರೆ ಜನರಲ್ಲಿ ಸೇರಿಕೊಳ್ಳುವ ಸಿಟ್ಟು. ಆ ಸಿಟ್ಟನ್ನು ಒಂದು ಕಡೆ ಗುಟ್ಟಾಗಿ ಕೂಡಿಡುತ್ತಾ ಹೋಗಬೇಕು, ಆಡುವವರಿಗೆ ಕಾಣದ ಹಾಗೆ. ಕಾಣಿಸಿದರೆ ಕೆಟ್ಟಿತು, ಬ್ರಯಾನ್ ಬೇಕು ಅಂತ ಎಲ್ಲರೂ ತಮ್ಮ ಹುಡುಗನನ್ನು ಲೆಕ್ಕ ಹಾಕಿ ತುಳಿಯುತ್ತಾರೆ. ಸುಮ್ನೆ ಅದೃಷ್ಟದ ದಾಳ ಹಾಕಿ ಬಿಟ್ಟರೂ ಆಡುವವರು ರೇಗುತ್ತಾರೆ: ನಾನು ಇಷ್ಟು ಚೆನ್ನಾಗಿ ಬುಕ್ ಮಾಡಿದೆ, ಇದೇನಿದು ಎಂದು. ಪ್ರವರ್ತಕರೂ ಅದೇ ಮಾತು ಹೇಳಿಕೊಂಡು ತಲೆ ಚಚ್ಚಿಕೊಂಡವರೇ, ಬಿಡಿ.

ನಿಯಮ ಎಷ್ಟೇ ಚೆನ್ನಾಗಿರಲಿ, ಶುರುವಿನ ಅಂಕಿ ಯಾರಾದರೂ ಕೈಯಿಂದ ತುಂಬಲೇಬೇಕು. ‘ಟೋಟಲ್ ಎಕ್ಸ್‌ಟ್ರೀಮ್ ರೆಸ್ಲಿಂಗ್’ ಜೊತೆ ಬರುವುದು ಕಾರ್ನೆಲ್‌ವರ್ಸ್ ಎಂಬ ಕಾಲ್ಪನಿಕ ಲೋಕ. ನಿಜವಾದ ಕುಸ್ತಿಪಟುಗಳ ಪಟ್ಟಿ ಮಾಡುವುದು ಅಭಿಮಾನಿಗಳು. ಸೀನಾಗೆ ಭಾರತದಲ್ಲಿ ಎಷ್ಟು ಕೊಡಬೇಕು? 2023ರ ಸೆಪ್ಟೆಂಬರ್‌ನಲ್ಲಿ ಅವನು ಹೈದರಾಬಾದಿನ ಗಚ್ಚಿಬೌಲಿಗೆ ಬಂದಾಗ ಜನ ಕೂಗಿದ್ದನ್ನು ಕೇಳಿದವರು 95 ಅಂತಾರೆ. ಖಲಿಗೆ ಅದಕ್ಕಿಂತ ಜಾಸ್ತಿಯೋ ಕಮ್ಮಿಯೋ? ಪಂಜಾಬಿನವರು ಒಂದು ಹೇಳುತ್ತಾರೆ, ದಾವಣಗೆರೆಯವರು ಇನ್ನೊಂದು. ದೇಶವನ್ನು ಇನ್ನಷ್ಟು ತುಂಡು ಮಾಡಿ ಉತ್ತರಕ್ಕೆ ಒಂದು ಅಂಕಿ, ದಕ್ಷಿಣಕ್ಕೆ ಇನ್ನೊಂದು ಅಂಕಿ ಹಾಕೋಣ ಅಂದರೆ ಮೈಸೂರಿನವನು ಕೇಳುತ್ತಾನೆ, ಚೆನ್ನೈಗೂ ನಮಗೂ ಒಂದೇನಾ ಅಂತ.