ಬೋರ್ಡಿನ ಮೇಲೆ ಏನೂ ಇಲ್ಲದ ಜಾಗ

ಕೆಟ್ಟು ಮೂಲೆ ಸೇರಿದ ಮೊಬೈಲ್ ಚಾರ್ಜರ್ ಒಂದನ್ನು ಬಿಚ್ಚಿ, ಒಳಗಿನ ಬೋರ್ಡನ್ನು ಮಗುಚಿ ನೋಡಿ. (ಪ್ಲಗ್ಗಿನಿಂದ ಈಗ ತಾನೇ ಕಿತ್ತದ್ದು ಬೇಡ. ಒಳಗಿನ ಕೆಪಾಸಿಟರ್ ಸ್ವಲ್ಪ ಹೊತ್ತು ಚಾರ್ಜ್ ಹಿಡಿದುಕೊಂಡೇ ಇರುತ್ತದೆ.) ಬೆಸುಗೆಯ ಚುಕ್ಕೆಗಳು, ತಾಮ್ರದ ಗೆರೆಗಳು ಒತ್ತೊತ್ತಾಗಿ ತುಂಬಿರುತ್ತವೆ. ಒಂದೊಂದು ಮಿಲಿಮೀಟರಿಗೂ ಲೆಕ್ಕ ಹಾಕಿದ್ದಾರೆ ಅಂತ ನೋಡಿದರೇ ಗೊತ್ತಾಗುತ್ತದೆ. ಆದರೆ ನಡುವೆ ಒಂದು ಪಟ್ಟಿ ಮಾತ್ರ ಪೂರ್ತಿ ಖಾಲಿ. ಕೆಲವು ಬೋರ್ಡುಗಳಲ್ಲಿ ಅಲ್ಲೊಂದು ಉದ್ದನೆಯ ಸೀಳು ಕೂಡ ಇರುತ್ತದೆ. ಪಟ್ಟಿಯ ಆ ಕಡೆ ಗೋಡೆಯಿಂದ ಬರುವ 230 ವೋಲ್ಟ್. ಈ ಕಡೆ ಕೈಗೆ ತಾಗಬಹುದಾದ 5 ವೋಲ್ಟ್. ಇಡೀ ಬೋರ್ಡಿನಲ್ಲಿ ನನಗೆ ತುಂಬ ಇಷ್ಟವಾಗುವ ಜಾಗ ಇದೇ.

ಒಂದು ನೊಣ ಮತ್ತು ಒಂದು ಇರುವೆ ಆ ಕಡೆಯ ಬೆಸುಗೆಯಿಂದ ಈ ಕಡೆಯ ಬೆಸುಗೆಗೆ ಬರಬೇಕು ಅಂದುಕೊಳ್ಳಿ. ನೊಣ ಗಾಳಿಯಲ್ಲಿ ನೇರ ಹಾರಿ ಬರುತ್ತದೆ. ಇರುವೆ ಬೋರ್ಡಿನ ಮೈ ಹಿಡಿದೇ ನಡೆಯಬೇಕು. ನೊಣದ ದಾರಿಗೆ ಕ್ಲಿಯರೆನ್ಸ್ ಅನ್ನುತ್ತಾರೆ, ಇರುವೆಯ ದಾರಿಗೆ ಕ್ರೀಪೇಜ್. ಸಪಾಟಾದ ಬೋರ್ಡಿನಲ್ಲಿ ಎರಡೂ ಒಂದೇ ಉದ್ದ, ಅಲ್ವಾ? ಆದರೂ ಗೃಹಬಳಕೆಯ ಉಪಕರಣಗಳ ಅಂತರರಾಷ್ಟ್ರೀಯ ನಿಯಮವಾದ ಐಇಸಿ 60335 ಇವೆರಡಕ್ಕೂ ಬೇರೆ ಬೇರೆ ಅಳತೆ ಕೊಡುತ್ತದೆ. ವಿದ್ಯುತ್ತು ಈ ಎರಡು ದಾರಿಗಳಲ್ಲಿ ದಾಟುವ ರೀತಿಯೇ ಬೇರೆ.

ಮೊದಲು ಗಾಳಿ. ಕಿಡಿ ಹಾರಲು ಎಷ್ಟು ವೋಲ್ಟ್ ಬೇಕು ಅನ್ನುವುದು ಅಂತರವನ್ನೂ ಗಾಳಿಯ ಒತ್ತಡವನ್ನೂ ಗುಣಿಸಿದಾಗ ಬರುವ ಸಂಖ್ಯೆಯ ಮೇಲೆ ನಿಂತಿದೆ ಎಂದು ಜರ್ಮನಿಯ ಫ್ರೀಡ್ರಿಶ್ ಪಾಶೆನ್ 1889ರಲ್ಲಿ ತೋರಿಸಿದರು. ನುಣುಪಾದ ಎರಡು ತಟ್ಟೆಗಳ ನಡುವೆ 1 ಮಿಲಿಮೀಟರ್ ಗಾಳಿ ಇದ್ದರೆ, ಅದನ್ನು ಸೀಳಲು 3000 ವೋಲ್ಟಿಗಿಂತ ಜಾಸ್ತಿಯೇ ಬೇಕು. ನಮ್ಮ 230 ವೋಲ್ಟ್ ತುತ್ತತುದಿಗೆ ಏರಿದಾಗಲೂ 325 ಅಷ್ಟೆ. ಹಾಗಾದರೆ ಭಯ ಯಾತಕ್ಕೆ? ಭಯ ಇರುವುದು ದಿನನಿತ್ಯದ 230 ವೋಲ್ಟಿನಿಂದಲ್ಲ. ದೊಡ್ಡ ಮೋಟರು ತಟ್ಟನೆ ನಿಂತಾಗಲೋ ದೂರದಲ್ಲೆಲ್ಲೋ ಸಿಡಿಲು ಬಡಿದಾಗಲೋ ಲೈನಿನಲ್ಲಿ ನುಗ್ಗಿ ಬರುವ ಏಟಿನಿಂದ. ಅದು ಇರುವುದು ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಚಿಕ್ಕ ಹೊತ್ತು. ಪ್ಲಗ್ಗಿಗೆ ಸಿಕ್ಕಿಸುವ ಉಪಕರಣ 2500 ವೋಲ್ಟಿನ ಏಟು ತಡೆಯಬೇಕು ಎಂದು ನಿಯಮ ಹಿಡಿಯುತ್ತದೆ. ಅದಕ್ಕೆ 1.5 ಮಿಲಿಮೀಟರ್ ಗಾಳಿ ಸಾಕು. ಬೋರ್ಡಿನ ತಾಮ್ರಕ್ಕೆ ಚೂಪು ಅಂಚು, ಮೊನೆ ಎಲ್ಲ ಇರುತ್ತದಲ್ಲ, ಆ ಲೆಕ್ಕವೂ ಇದರಲ್ಲಿ ಸೇರಿದೆ. ಗೋಡೆಯಿಂದ ಬರುವ ಕರೆಂಟಿಗೂ ಮನುಷ್ಯನ ಕೈಗೂ ನಡುವೆ ಬೇರೆ ತಡೆ ಇಲ್ಲದ ಕಡೆ ಇದು 3 ಮಿಲಿಮೀಟರ್ ಆಗುತ್ತದೆ.

ಇರುವೆಯ ದಾರಿಯಲ್ಲಿ ನಡೆಯುವುದು ನಿಧಾನದ ಕೆಲಸ. ಬೋರ್ಡಿನ ಮೇಲೆ ಧೂಳು ಕೂರುತ್ತದೆ. ಮುಟ್ಟಿದ ಬೆರಳಿನ ಬೆವರು ಉಪ್ಪು ಬಿಟ್ಟಿರುತ್ತದೆ. ತೇವ ಸೇರಿದರೆ ಅದೊಂದು ತೆಳು ಪೊರೆ, ಅದರಲ್ಲಿ ಚೂರು ಕರೆಂಟು ಹರಿಯುತ್ತದೆ. ಹರಿದಲ್ಲಿ ಬಿಸಿಯಾಗಿ ಪೊರೆ ಒಂದು ಕಡೆ ಒಣಗುತ್ತದೆ. ಈಗ ಅಷ್ಟೂ ವೋಲ್ಟ್ ಆ ಕೂದಲೆಳೆಯಷ್ಟು ಒಣ ಜಾಗದ ಮೇಲೆ ಬೀಳುತ್ತದೆ. ಪುಟ್ಟ ಕಿಡಿ ಹಾರುತ್ತದೆ. ಬೋರ್ಡಿನ ಅಂಟು ಅಷ್ಟರಮಟ್ಟಿಗೆ ಸುಟ್ಟು ಇದ್ದಿಲಾಗುತ್ತದೆ. ಇದ್ದಿಲು ವಿದ್ಯುತ್ತನ್ನು ಹಾಯಿಸುತ್ತದೆ, ಹಾಗಾಗಿ ದಾಟಬೇಕಾದ ದೂರ ಅಷ್ಟು ಕಡಿಮೆಯಾಯಿತು. ಮುಂದಿನ ತೇವದ ದಿನ ಇನ್ನೊಂದು ಚೂರು. ಒಮ್ಮೆ ನಾನು ಬಿಚ್ಚಿದ ವಾಷಿಂಗ್ ಮೆಷಿನ್ ಬೋರ್ಡಿನಲ್ಲಿ, ರಿಲೇ ಎಂಬ ವಿದ್ಯುತ್ ಸ್ವಿಚ್ಚಿನ ಎರಡು ಕಾಲುಗಳ ನಡುವೆ ಎಲೆ ಉದುರಿದ ಮರದಂಥ ಕಪ್ಪು ಚಿತ್ರ ಮೂಡಿತ್ತು. ಸಿಡಿಲೂ ಬಡಿದಿರಲಿಲ್ಲ, ಏನೂ ಇಲ್ಲ. ಮಾಮೂಲಿ 230 ವೋಲ್ಟೇ ಸುಮ್ನೆ ಕೂತು ಬರೆದ ಚಿತ್ರ ಅದು.

ಯಾವ ವಸ್ತು ಇದಕ್ಕೆ ಎಷ್ಟು ತಡೆಯುತ್ತದೆ ಎಂದು ನೋಡುವ ಪರೀಕ್ಷೆಯೂ ಮಜವಾಗಿದೆ. 4 ಮಿಲಿಮೀಟರ್ ದೂರದಲ್ಲಿ ಎರಡು ಪ್ಲಾಟಿನಂ ಮೊನೆಗಳನ್ನು ಊರಿ, ನಡುವೆ 30 ಸೆಕೆಂಡಿಗೊಂದು ಹನಿ ಅಮೋನಿಯಂ ಕ್ಲೋರೈಡ್ ನೀರು ಬಿಡುತ್ತಾರೆ. 50 ಹನಿ ಬಿದ್ದರೂ ಕಪ್ಪು ದಾರಿ ಕೂಡಿಕೊಳ್ಳದಂತೆ ತಡೆದ ವೋಲ್ಟೇ ಆ ವಸ್ತುವಿನ ಅಂಕ. ಪಿಂಗಾಣಿ, ಗಾಜು ಇದ್ದಿಲಾಗುವ ಮಾತೇ ಇಲ್ಲ. ಬೋರ್ಡುಗಳಿಗೆ ಬಳಸುವ ಗಾಜುನೂಲು-ಎಪಾಕ್ಸಿ ಹಾಳೆ ಸಾಮಾನ್ಯವಾಗಿ ಕೊನೆಯ ದರ್ಜೆಯದು. ಅದಕ್ಕೇ ಇರುವೆಗೆ ಉದ್ದ ದಾರಿ. ಸಾಧಾರಣ ಧೂಳಿನ ಜಾಗದಲ್ಲಿ 230 ವೋಲ್ಟಿಗೆ 2.5 ಮಿಲಿಮೀಟರ್, ಕೈ ತಾಗುವ ಕಡೆಗೆ ದಾಟುವಲ್ಲಿ ಅದರ ಎರಡು ಪಟ್ಟು. ಕೊಳೆ, ತೇವ ಜಾಸ್ತಿ ಇರುವಲ್ಲಿ 4 ಮತ್ತು 8.

ಜಾಗ ಸಾಲದಾದಾಗ ಸೀಳು ಕೊಯ್ಯುತ್ತಾರೆ. ನೊಣಕ್ಕೆ ಅದರಿಂದ ಏನೂ ಆಗದು, ಇರುವೆ ಮಾತ್ರ ಸುತ್ತಿ ಬರಬೇಕು. ಆದರೆ ಸಾಧಾರಣ ಧೂಳಿನ ಜಾಗದಲ್ಲಿ ಸೀಳು 1 ಮಿಲಿಮೀಟರಿಗಿಂತ ಕಿರಿದಾಗಿದ್ದರೆ ನಿಯಮ ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಕೊಳೆಯೇ ಅಲ್ಲಿ ಸೇತುವೆ ಕಟ್ಟಿಬಿಡುತ್ತದೆ. ಬೆಟ್ಟ ಹತ್ತಿದರೆ ಕಥೆ ತಿರುಗುಮುರುಗು. ಗಾಳಿ ತೆಳುವಾದಷ್ಟೂ ಕಿಡಿಗೆ ಸಲೀಸು. 2000 ಮೀಟರ್ ದಾಟಿದ ಮೇಲೆ ನೊಣದ ದಾರಿ ಹಿಗ್ಗಿಸಬೇಕು, 5000 ಮೀಟರಿನಲ್ಲಿ 1.48 ಪಟ್ಟು.

ಇಷ್ಟೆಲ್ಲ ಗೊತ್ತಿದ್ದೂ ನಾನೇ ಒಮ್ಮೆ ಎಡವಿದ್ದೇನೆ. ಖಾಲಿ ಪಟ್ಟಿಯ ಮೇಲೆ ಸೇತುವೆಯ ಹಾಗೆ ಕೂರುವ ಬೆಳಕಿನ ಮೂಲಕ ಸಂಕೇತ ದಾಟಿಸುವ ಆಪ್ಟೋಕಪ್ಲರ್ ಎಂಬ ನಾಲ್ಕು ಕಾಲಿನ ಬಿಡಿಭಾಗವನ್ನು ಬದಲಾಯಿಸಿದ್ದೆ. ಉಪಕರಣ ಓಡಿತು, ಖುಷಿಯೂ ಆಯಿತು. ಆಮೇಲೆ ಬೋರ್ಡನ್ನು ಓರೆಯಾಗಿ ಹಿಡಿದು ನೋಡಿದರೆ, ಬೆಸುಗೆ ಎರಡೂ ಕಡೆಯಿಂದ ಉಬ್ಬಿ ಪಟ್ಟಿಯ ಮೇಲೆ ಚಾಚಿಕೊಂಡಿದೆ. ನಡುವೆ ಬೆಸುಗೆ ಹಾಕುವಾಗ ಬಳಸುವ ಜಿಗುಟು ಫ್ಲಕ್ಸ್, ಅದರ ಮೇಲೆ ಆಗಲೇ ಒಂದಿಷ್ಟು ಧೂಳು. ಸ್ಕೇಲಿಟ್ಟರೆ 5 ಇರಬೇಕಾದಲ್ಲಿ 4 ಕೂಡ ಇರಲಿಲ್ಲ. ಜಾಸ್ತಿಯಾದ ಬೆಸುಗೆ ಹೀರಿ ತೆಗೆದು, ಸ್ಪಿರಿಟ್ ಹಾಕಿ ಹಳೇ ಹಲ್ಲುಜ್ಜುವ ಬ್ರಶ್ಶಿನಲ್ಲಿ ಪಟ್ಟಿಯನ್ನು ಉಜ್ಜಿದೆ. ಒಣಗಿದ ಮೇಲೆ ಮತ್ತೆ ಸ್ಕೇಲಿಟ್ಟೆ.