ಬಾಹ್ಯಾಕಾಶದ ಎಕ್ಸ್-ರೇ ದೂರದರ್ಶಕ ಸರಿಯಾಗಿದೆಯೇ ಎಂದು ನೋಡುವುದು ಹೇಗೆ?

ಪ್ರಶ್ನೆ: ಭಾರತದ ಆಸ್ಟ್ರೋಸ್ಯಾಟ್‌ನಂಥ ಉಪಗ್ರಹ ಒಮ್ಮೆ ಮೇಲಕ್ಕೆ ಹೋದರೆ ಯಾರೂ ಮುಟ್ಟುವಂತಿಲ್ಲ. ಅದರ ಎಕ್ಸ್-ರೇ ದೂರದರ್ಶಕ ಸರಿಯಾಗಿ ಕೆಲಸ ಮಾಡುತ್ತಿದೆ ಎಂದು ಹೇಗೆ ತಿಳಿಯುತ್ತಾರೆ?
— ಗಂಗಾವತಿಯ ಓದುಗರು

ಉತ್ತರ: ಮೊದಲ ಪರೀಕ್ಷೆ ನೆಲದ ಮೇಲೇ ನಡೆಯುತ್ತದೆ. ಎಕ್ಸ್-ಕಿರಣ ಕನ್ನಡಿಗೆ ನೇರವಾಗಿ ಬಡಿದರೆ ಒಳಗೇ ಇಂಗಿಹೋಗುತ್ತದೆ. ತುಂಗಭದ್ರಾ ಕಾಲುವೆಯ ನೀರಿಗೆ ಓರೆಯಾಗಿ ಬೀಸಿದ ಚಪ್ಪಟೆ ಕಲ್ಲಿನಂತೆ ಸವರಿಕೊಂಡು ಬಂದರಷ್ಟೇ ಪುಟಿಯುತ್ತದೆ. ಹತ್ತಿರದ ಮೂಲದಿಂದ ಬರುವ ಕಿರಣಗಳು ನಕ್ಷತ್ರದ ಕಿರಣಗಳಂತೆ ಸಮಾನಾಂತರವಾಗಿರುವುದಿಲ್ಲ. ಆದ್ದರಿಂದಲೇ ಅಮೆರಿಕದ ಚಂದ್ರಾ ದೂರದರ್ಶಕದ ಕನ್ನಡಿಗಳನ್ನು ಹಂಟ್ಸ್‌ವಿಲ್‌ನಲ್ಲಿ ಸುಮಾರು 518 ಮೀಟರ್ ಉದ್ದದ ನಿರ್ವಾತ ಕೊಳವೆಯ ಒಂದು ತುದಿಯಲ್ಲಿಟ್ಟು, ಇನ್ನೊಂದು ತುದಿಯಿಂದ ಕಿರಣ ಬಿಟ್ಟು ಪರೀಕ್ಷಿಸಿದರು. ಆದರೂ ಗುರುತ್ವದಿಂದ ಕನ್ನಡಿ ಕೂದಲೆಳೆಯಷ್ಟು ಬಾಗುತ್ತದೆ. ಹಾಗಾಗಿ ಕೊನೆಯ ತೀರ್ಪು ಆಕಾಶದ್ದೇ.

ಚಿತ್ರ ಎಷ್ಟು ಚೂಪಾಗಿದೆ ಎಂದು ನೋಡಲು ಚುಕ್ಕೆಯಂತೆ ಕಾಣುವ ಮೂಲ ಬೇಕು. ಅದು ಎಷ್ಟಗಲ ಹರಡಿ ಕಾಣುತ್ತದೆ ಎಂಬುದೇ ಅಳತೆ: ಚಂದ್ರಾಗೆ ಸುಮಾರು 0.5 ಆರ್ಕ್ ಸೆಕೆಂಡ್, ಆಸ್ಟ್ರೋಸ್ಯಾಟ್‌ನ ಎಸ್‌ಎಕ್ಸ್‌ಟಿ ಎಂಬ ಎಕ್ಸ್-ರೇ ದೂರದರ್ಶಕಕ್ಕೆ ಸುಮಾರು 2 ಆರ್ಕ್ ಮಿನಿಟ್ (ಒಂದು ಡಿಗ್ರಿಯ 60ನೇ ಒಂದು ಪಾಲು ಆರ್ಕ್ ಮಿನಿಟ್, ಅದರ 60ನೇ ಒಂದು ಪಾಲು ಆರ್ಕ್ ಸೆಕೆಂಡ್). ಮೂಲ ತೀರಾ ಪ್ರಖರವಾಗಿದ್ದರೆ ಎಡವಟ್ಟು. ಒಂದೇ ಫ್ರೇಮಿನಲ್ಲಿ ಒಂದೇ ಜಾಗಕ್ಕೆ ಎರಡು ಫೋಟಾನ್ (ಬೆಳಕಿನ ಕಣ) ಬಿದ್ದರೆ ಸಿಸಿಡಿ (ಕಿರಣ ಹಿಡಿಯುವ ಕ್ಯಾಮೆರಾ ಚಿಪ್) ಅದನ್ನು ದುಪ್ಪಟ್ಟು ಶಕ್ತಿಯ ಒಂದೇ ಫೋಟಾನ್ ಎಂದು ಲೆಕ್ಕ ಹಾಕುತ್ತದೆ. ಚಿತ್ರದ ನಡುವೆ ತೂತು ಬಿದ್ದಂತೆ ಕಂಡರೆ ಇದೇ ಕಾರಣ; ಸಿಸಿಡಿಯ ಸಣ್ಣ ಭಾಗವನ್ನಷ್ಟೇ ಬೇಗಬೇಗ ಓದಿಸುವುದು ಪರಿಹಾರ.

ಶಕ್ತಿಯ ಅಳತೆಗೆ ಎಸ್‌ಎಕ್ಸ್‌ಟಿಯ ಸಿಸಿಡಿಯ ನಾಲ್ಕು ಮೂಲೆಗಳ ಮೇಲೆ ಕಬ್ಬಿಣ-55 ಎಂಬ ವಿಕಿರಣಶೀಲ ವಸ್ತುವಿನ ಕಿರಣ ಬೀಳುವಂತೆ ಮಾಡಿದ್ದಾರೆ. ಅದರ ಗೆರೆ (ಒಂದೇ ನಿಗದಿತ ಶಕ್ತಿಯ ಕಿರಣದ ಗುರುತು) 5.9 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನಲ್ಲಿ ಕಾಣಬೇಕು, ಸರಿದಿದ್ದರೆ ತಿದ್ದುಪಡಿ. ಅರ್ಧಾಯುಷ್ಯ 2.7 ವರ್ಷ, ಅಂದರೆ ಹತ್ತು ವರ್ಷದಲ್ಲಿ ಅದು ಸುಮಾರು ಹದಿಮೂರನೇ ಒಂದು ಪಾಲಿಗೆ ಇಳಿಯುತ್ತದೆ. ಆಗ ಟೈಕೋದಂಥ ಸೂಪರ್‌ನೋವಾ (ಸಿಡಿದ ನಕ್ಷತ್ರ) ಅವಶೇಷಗಳ ಸಿಲಿಕಾನ್ ಗೆರೆ ನೆರವಾಗುತ್ತದೆ.

ನಿಜವಾದ ತಲೆನೋವು ಪ್ರಮಾಣದ್ದು. ಬೆಳಕು ಕಡಿಮೆ ಬಂದರೆ ಮೂಲವೇ ಮಂಕಾಯಿತೋ, ಉಪಕರಣ ಕುರುಡಾಯಿತೋ? ಹಿಂದಿನಿಂದಲೂ ಸಿಡಿದ ನಕ್ಷತ್ರದ ಅವಶೇಷವಾದ ಕ್ರ್ಯಾಬ್ ನೆಬ್ಯುಲವೇ ಅಳತೆಗೋಲು. ಚಳಿಗಾಲದಲ್ಲಿ ಊರಾಚೆಯ ಗದ್ದೆ ಬಯಲಿಗೆ ಸಣ್ಣ ದೂರದರ್ಶಕ ಒಯ್ದರೆ ವೃಷಭ ರಾಶಿಯಲ್ಲಿ ನೀವೂ ಅದನ್ನು ಮಸುಕಾಗಿ ಕಾಣಬಹುದು. ಆದರೆ 2008ರಿಂದ ಎರಡು ವರ್ಷದಲ್ಲಿ ಅದೇ ಸುಮಾರು ಶೇ 7ರಷ್ಟು ಮಂಕಾಯಿತು! ಹಲವು ಉಪಗ್ರಹಗಳು ಒಟ್ಟಿಗೆ ಅದನ್ನೇ ಕಂಡಿದ್ದರಿಂದ ತಪ್ಪು ಉಪಕರಣದ್ದಲ್ಲ ಎಂದು ಖಾತ್ರಿಯಾಯಿತು.

ಚಂದ್ರಾದಲ್ಲಿ ಉಪಕರಣದ್ದೇ ತೊಂದರೆ: ತಣ್ಣನೆಯ ಫಿಲ್ಟರ್ ಮೇಲೆ ಅಣುಗಳ ಪದರ ಕೂತು ಕಡಿಮೆ ಶಕ್ತಿಯ ಕಿರಣಗಳನ್ನು ನುಂಗುತ್ತಿದೆ. ಮನುಷ್ಯನ ಆಯುಷ್ಯದಲ್ಲಿ ಬದಲಾಗದ ಏಬಲ್ 1795 ಗೆಲಾಕ್ಸಿ ಗುಚ್ಛವನ್ನು ಆಗಾಗ ನೋಡಿ ಆ ಪದರ ಎಷ್ಟು ದಪ್ಪವಾಗಿದೆ ಎಂದು ಲೆಕ್ಕ ಹಾಕುತ್ತಾರೆ. ದತ್ತಾಂಶ ಬಳಸುವವರು ವೀಕ್ಷಣೆಯ ದಿನಕ್ಕೆ ಹೊಂದುವ ತಿದ್ದುಪಡಿ ಫೈಲನ್ನೇ ಹಾಕಬೇಕು. ಹಳೆಯದನ್ನು ಹಾಕಿದರೆ ದೂರದರ್ಶಕದ ಕೊಳೆ ನಕ್ಷತ್ರದ ಲೆಕ್ಕಕ್ಕೆ ಸೇರುತ್ತದೆ.